ತುಳಿಯೋ ದೋಣಿಗೆ ಜವರನ ಕಾವಲು

ಜವರ ಅಂತ ಒಬ್ಬನಿದ್ದ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಅವನ ತಾಯಿ ಸಾಕಮ್ಮನಿಗೆ ಅದೇ ದಿಗಿಲು. ನಾನು ಕಣ್ಣು ಮುಚ್ಚಿದರೆ ಇವನಿಗೆ ಯಾರು ಗಂಜಿ ಹುಯ್ತಾರೆ ಅಂತ ಕಂಡವರ ಮುಂದೆಲ್ಲ ಹೇಳಿಕೊಳ್ಳುತ್ತಿದ್ದಳು. ಕೆರೆಯಲ್ಲಿ ಕಾಲಿನಿಂದ ತುಳಿಯುವ ದೋಣಿಗಳನ್ನು ಬಾಡಿಗೆಗೆ ಬಿಡುವ ಬೋರಣ್ಣನ ಕೈಕಾಲು ಹಿಡಿದು, ಅಂತೂ ಮಗನಿಗೆ ಒಂದು ಕೆಲಸ ಕೊಡಿಸಿದಳು. "ದೋಣಿ ಗಾಳಿಗೆ ಹೊಂಟೋದಾತು, ಬಿಗಿಯಾಗಿ ಕಟ್ಟಪ್ಪಾ" ಅಂತ ಬುದ್ಧಿ ಹೇಳಿ ಕಳಿಸಿದಳು.

ಜವರ ಬಿಗಿಯಾಗಿ ಕಟ್ಟಿದ. ಹೊಸದಾಗಿ ಮದುವೆಯಾದ ಜೋಡಿ ಹತ್ತಿ ಕೂತು ತುಳಿದೇ ತುಳಿದರು. ನೀರು ನೊರೆಯಾಯಿತೇ ಹೊರತು ದೋಣಿ ಗೇಣೂ ಮುಂದೆ ಹೋಗಲಿಲ್ಲ. ಗಂಡನ ಮೀನಖಂಡ ಹಿಡಿದುಕೊಂಡಿತು. ಬೋರಣ್ಣ ಓಡಿ ಬಂದು ಬೈದ. ಜನ ಕೂತ ಮೇಲೆ ಹಗ್ಗ ಬಿಚ್ಚಬೇಕು ಕಣ್ಲಾ ಅಂದ.

ಮಾರನೆಯ ದಿನ ಒಂದು ದೊಡ್ಡ ಸಂಸಾರ ಬಂದು, ಬೋರಣ್ಣ ಚೀಟಿ ಹರಿಯುವ ತನಕ ದಡದ ಕಲ್ಲುಬೆಂಚಿನ ಮೇಲೆ ಕೂತಿತು. ಜನ ಕೂತರಲ್ಲ, ಜವರ ಹಗ್ಗ ಬಿಚ್ಚಿದ. ಇದ್ದಬದ್ದ ದೋಣಿಗಳೆಲ್ಲ ಖಾಲಿಯಾಗಿಯೇ ಆಚೆ ದಡಕ್ಕೆ ತೇಲಿಹೋದವು. ಬೋರಣ್ಣ ತಲೆ ಮೇಲೆ ಕೈ ಹೊತ್ತು ಕೂತ.

"ಜನ ದೋಣಿ ಒಳಗೇ ಕೂತು, ಪೆಡಲ್ ಮೇಲೆ ಕಾಲಿಟ್ಟ ಮೇಲೆ ಬಿಚ್ಚು. ಬಿಚ್ಚಿದ ಮೇಲೆ ಗಿರಾಕಿಗೆ ಅರ್ಧ ಗಂಟೇಲಿ ಒಂದು ನಿಮಿಷಾನೂ ಕಮ್ಮಿ ಮಾಡಬ್ಯಾಡ. ಇನ್ನೊಂದು ಸಲ ತಪ್ಪಿದ್ರೆ ಮನೆಗೆ ನಡಿ" ಅಂದ ಬೋರಣ್ಣ.

ಮಗನ ಬಾಯಲ್ಲಿ ಆ ಮಾತು ಕೇಳಿ ಸಾಕಮ್ಮನಿಗೆ ಊಟ ಸೇರಲಿಲ್ಲ. ಪಕ್ಕದಲ್ಲೇ ಇದ್ದು ಕಾಯೋಣ ಅಂತ ಬೆಳಿಗ್ಗೆ ಮಗನ ಹಿಂದೆಯೇ ಬಂದಳು. ಬಿಸಿಲೇರಿತು. ಕಟ್ಟಿದ್ದ ದೋಣಿಯ ಚಾವಣಿ ಕೆಳಗೆ ಒಂದಿಷ್ಟು ನೆರಳಿತ್ತು, ಹೋಗಿ ಕೂತಳು. ಕಾಲು ಪೆಡಲ್ ಮೇಲೆ ಬಿತ್ತು. ಜವರ ಹಗ್ಗ ಬಿಚ್ಚಿದ.

ಗಾಳಿ ದೋಣಿಯನ್ನು ನಡುನೀರಿಗೆ ಒಯ್ದಿತು. ನನಗೆ ಈಜು ಬರಲ್ಲ, ಎಳಕೊಳ್ಳೋ ಮಗನೇ ಅಂತ ಸಾಕಮ್ಮ ಕೂಗಿಕೊಂಡಳು. ಜವರ ದಡದಲ್ಲಿ ಗಡಿಯಾರ ನೋಡುತ್ತ ನಿಂತಿದ್ದ. ಸಾಕಮ್ಮನಿಗೆ ಜೀವ ಬಾಯಿಗೆ ಬಂತು. ಮುಳುಗುವ ಭಯಕ್ಕಿಂತ, ತಾನು ಮುಳುಗಿದರೆ ಇವನ ಗತಿ ಏನು ಅನ್ನುವ ಭಯವೇ ದೊಡ್ಡದಾಯಿತು. ಹುಟ್ಟಿದಾರಭ್ಯ ಸೈಕಲ್ಲೂ ತುಳಿಯದವಳು ಸೀರೆ ಎತ್ತಿಕಟ್ಟಿ ತುಳಿದಳು, ಏದುಸಿರು ಬಿಡುತ್ತ ತುಳಿದಳು, ಅಳುತ್ತ ತುಳಿದಳು. ಅಂತೂ ಇಂತೂ ದೋಣಿ ದಡಕ್ಕೆ ಬಂದು ತಾಗಿತು. ಇಳಿಯಲು ಮಗನತ್ತ ಕೈ ಚಾಚಿದಳು.

"ಇನ್ನೂ ಟೈಮ್ ಐತೆ ಕಣವ್ವಾ. ಬ್ಯಾರೆಯೋರಿಗೇ ಕಮ್ಮಿ ಮಾಡಲ್ಲ, ಹೆತ್ತೋಳಿಗೆ ಮಾಡ್ತೀನಾ?" ಅಂತ ಜವರ ಅಕ್ಕರೆಯಿಂದ ಹೇಳಿ, ಎರಡೂ ಕೈಯಿಂದ ದೋಣಿಯನ್ನು ಮತ್ತೆ ನಡುನೀರಿಗೆ ನೂಕಿದ.