ಅರಗಿನೊಳಗಿನ ನೆಲ್ಲಿ

ಶಿಷ್ಯನೊಬ್ಬ ಕೇಳಿದ: "ಬುದ್ಧಿ, ನಿಮ್ಮಿಂದ ಕಲಿತದ್ದು ನನ್ನಲ್ಲಿ ಚೊಕ್ಕಟವಾಗಿದೆ. ಸಂತೆಯ ಜನರ ನಡುವೆ ಹೋದರೆ ಕೆಟ್ಟೀತೆಂದು ಅಂಜಿ ಮಠದ ಬಾಗಿಲು ದಾಟುವುದಿಲ್ಲ. ಈ ಕಾವಲು ಸಾಕೇ, ಇನ್ನೂ ಬಿಗಿ ಮಾಡಲೇ?"

ಗುರು ಹೇಳಿದರು:

ಬಂದರಿನಲ್ಲಿ ಒಬ್ಬ ವ್ಯಾಪಾರಿ ಇದ್ದ. ದೂರ ಸಮುದ್ರಕ್ಕೆ ಹೋಗುವ ಹಡಗುಗಳಿಗೆ ನೆಲ್ಲಿಕಾಯಿ ಪುಡಿ ಕೊಡುತ್ತಿದ್ದ. ತಿಂಗಳುಗಟ್ಟಲೆ ಹಸಿ ಕಾಯಿಪಲ್ಲೆ ಕಾಣದ ನಾವಿಕರಿಗೆ ಒಸಡು ಬಾತುಕೊಳ್ಳುತ್ತದೆ, ರಕ್ತ ಒಸರುತ್ತದೆ, ಹಲ್ಲು ಉದುರುತ್ತವೆ, ಕೊನೆಗೆ ಜೀವವೇ ಹೋಗುತ್ತದೆ. ಅದನ್ನು ತಡೆಯುವ ಸತ್ವ ನೆಲ್ಲಿಯಲ್ಲಿದೆ. ಆದರೆ ಆ ಸತ್ವ ಬಲು ನಾಜೂಕು. ಗಾಳಿ, ಬಿಸಿಲು, ತೇವ, ಯಾವುದು ತಾಕಿದರೂ ಹೋಗುತ್ತದೆ. ಮೊದಲ ವರ್ಷ ಬರಿಯ ಪುಡಿ ಕೊಟ್ಟ. ನಡುಗಡಲು ಮುಟ್ಟುವ ಹೊತ್ತಿಗೆ ಅದು ಕಪ್ಪಾಗಿ ಮಣ್ಣಿನ ಹಾಗಾಯಿತು.

ಎರಡನೆಯ ವರ್ಷ ನೆಲ್ಲಿಯ ರಸವನ್ನು ಜಾಲಿಯ ಗೋಂದಿನಲ್ಲಿ ಕಲಸಿ, ಕಾಳಿನಷ್ಟು ಗುಳಿಗೆ ಮಾಡಿ, ನೆರಳಿನಲ್ಲಿ ಒಣಗಿಸಿದ. ಗೋಂದು ರಸದ ಸುತ್ತ ಗಟ್ಟಿಯಾಗಿ ಗಾಳಿಯನ್ನು ತಡೆಯಿತು. ನಾವಿಕರು ನೀರಿನೊಡನೆ ನುಂಗಿದರು. ಗೋಂದು ಹೊಟ್ಟೆಯಲ್ಲಿ ಕರಗಿತು. ಆ ವರ್ಷ ಹೋದವರೆಲ್ಲ ಮರಳಿದರು. ನೂರಕ್ಕೆ ಹತ್ತು ಗುಳಿಗೆ ಕೆಟ್ಟಿದ್ದವು, ಅಷ್ಟೆ.

ವ್ಯಾಪಾರಿಗೆ ಆ ಹತ್ತೇ ಚುಚ್ಚತೊಡಗಿದವು. ಮರುವರ್ಷ ಗೋಂದಿನ ಮೇಲೆ ಅರಗಿನ ಹೊದಿಕೆ ಕೊಟ್ಟ, ಒಂದಲ್ಲ, ಮೂರು ಸಲ. ಪರೀಕ್ಷೆಯನ್ನೂ ಮಾಡಿದ. ಹಡಗುಗಳು ದಡದಲ್ಲಿರುವ ಮಳೆಗಾಲವಿಡೀ ಗುಳಿಗೆಗಳನ್ನು ಉಪ್ಪುನೀರಿನ ಗಡಿಗೆಯಲ್ಲಿಟ್ಟು, ಆಮೇಲೆ ಅಡಕತ್ತರಿಯಿಂದ ಸೀಳಿ, ನಾಲಿಗೆಗೆ ಹಚ್ಚಿ ನೋಡಿದ. ಒಂದೂ ಕೆಟ್ಟಿರಲಿಲ್ಲ. ಸರಕು ಮಾರುವವರ ಪರೀಕ್ಷೆಯೇ ಹಾಗೆ, ಒಡೆದು ನೋಡುತ್ತಾರೆ. ನುಂಗಿ ನೋಡುವುದು ಕೊಂಡವನ ಪಾಲು.

ಹಡಗು ಹೋಯಿತು, ಬಂತು. ಅದರ ಮುಖ್ಯಸ್ಥ ತಂಡೇಲ ನೇರ ಅಂಗಡಿಗೆ ಬಂದು ಒಂದು ಹಿಡಿ ಗುಳಿಗೆಗಳನ್ನು ವ್ಯಾಪಾರಿಯ ಮುಂದೆ ಸುರಿದ.

"ಏನಪ್ಪಾ ತಂಡೇಲ, ಇವನ್ನು ನುಂಗಲೇ ಇಲ್ಲವೇ?"

"ನುಂಗಿದೆವು ಸಾಹುಕಾರರೇ. ಒಳಗೆ ಹೋದ ಹಾಗೆಯೇ ಹೊರಗೆ ಬಂದವು. ಹೇಸಬೇಡಿ, ತೊಳೆದು ತಂದಿದ್ದೇನೆ."

ವ್ಯಾಪಾರಿ ಒಂದನ್ನು ಸೀಳಿದ. ಒಳಗೆ ನೆಲ್ಲಿ ಮೊದಲ ದಿನದಂತೆಯೇ ಇತ್ತು. ಅವನ ಮುಖ ಅರಳಿತು. "ನೋಡು, ಒಂದಿಷ್ಟೂ ಕೆಟ್ಟಿಲ್ಲ!"

ತಂಡೇಲ ಬಾಯಿ ತೆರೆದು ತೋರಿಸಿದ. ಮುಂದಿನ ಹಲ್ಲು ಒಂದೂ ಇರಲಿಲ್ಲ.

"ಒಡೆದು ತಿನ್ನಬೇಕೆಂದು ತಿಳಿಯುವ ಹೊತ್ತಿಗೆ ತಡವಾಗಿತ್ತು. ನಾನು ಹಲ್ಲು ಕಳೆದುಕೊಂಡೆ. ಮೂವರನ್ನು ಸಮುದ್ರಕ್ಕೆ ಕೊಟ್ಟು ಬಂದೆ. ನಿಮ್ಮ ನೆಲ್ಲಿ ಮಾತ್ರ ಸುಖವಾಗಿ ಊರಿಗೆ ಬಂದಿದೆ."

ಗುರು ಅಲ್ಲಿಗೆ ನಿಲ್ಲಿಸಿದರು. ಶಿಷ್ಯ ಕೇಳಿದ: "ಆಮೇಲೆ ಅವನು ಅರಗು ಬಿಟ್ಟನೇ, ಬುದ್ಧಿ?"

"ಅವನು ಅಂದೇ ಬಿಟ್ಟ, ನೀನು ಈ ಗೋಡೆಯೊಳಗೆ ಕೂತು ಹನ್ನೆರಡು ವರ್ಷವಾಯಿತು."