ದಾರ ಪೋಣಿಸಿದ ಸೂಜಿಗಳು

ಗುಡ್ಡಪ್ಪ ಕುಡಿತ ಬಿಟ್ಟು ಹತ್ತೊಂಬತ್ತು ದಿನವಾಗಿತ್ತು. ಬಿಟ್ಟದ್ದು ಇದು ಮೂರನೆಯ ಸಲ. ಇನ್ನೊಮ್ಮೆ ಕುಡಿದರೆ ತಾನು ಈ ಮನೆಯಲ್ಲಿ ಇರುವುದಿಲ್ಲ ಎಂದು ಹೆಂಡತಿ ಕಲ್ಲವ್ವ ಹೇಳಿಬಿಟ್ಟಿದ್ದಳು. ಜಗಳ ತೆಗೆದು ಹೇಳಿದ್ದರೆ ಅವನು ಅಷ್ಟು ಹೆದರುತ್ತಿರಲಿಲ್ಲ. ಅವಳು ರೊಟ್ಟಿ ಬಡಿಯುತ್ತ ಮೆಲ್ಲಗೆ ಹೇಳಿದ್ದಳು.

ಅವನು ಸಿಂಪಿಗ. ಪೇಟೆಯಲ್ಲಿ ಬಟ್ಟೆ ಹೊಲಿಯುವ ಅಂಗಡಿ, ಅದರ ಹಿಂದೆಯೇ ಮನೆ. ಈಗ ಕೈ ನಡುಗಿ ಸೂಜಿಗೆ ದಾರ ಪೋಣಿಸಲಿಕ್ಕೂ ಆಗುತ್ತಿರಲಿಲ್ಲ.

ಹೊಳೆದಂಡೆಯ ಆಶ್ರಮಕ್ಕೆ ಅವನು ಬಂದಾಗ ಗುರುಗಳು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು. ಎಲ್ಲರೂ ಅವರನ್ನು ಅಜ್ಜಾರು ಎನ್ನುತ್ತಿದ್ದರು.

“ಅಜ್ಜಾರ, ಕುಡಿತ ಬಿಟ್ಟವರ ಮೀಟಿಂಗಿಗೆ ಹೋಗು ಅಂದ್ರಿ. ಹೋದೆ. ಪ್ಯಾಟ್ಯಾಗ ಒಂದಲ್ಲ, ಮೂರು ಅದಾವ. ನನಗ ಯಾವುದು ಹೊಂದತೈತಿ ತಿಳಿವಲ್ದು.”

“ಹೇಳು.”

“ಸೋಮವಾರ ಸಾಲ್ಯಾಗ. ಅಲ್ಲಿ ಎಲ್ಲಾ ಓದಿದವ್ರು, ಪುಸ್ತಕ ಹಿಡಕೊಂಡು ಮಾತಾಡ್ತಾರ. ಮಂಗಳವಾರ ದವಾಖಾನ್ಯಾಗ. ಅಲ್ಲಿಯವ್ರ ಕಥಿ ಕೇಳಿದ್ರ ನಾನು ಕುಡುಕನ ಅಲ್ಲ ಅನಸ್ತೈತಿ.”

“ಮೂರನೇದು?”

“ಬುಧವಾರ, ಹಿಟ್ಟಿನ ಗಿರಣಿ ಹಿಂದ. ಐದಾರು ಮಂದಿ ಚಾ ಕುಡದು ಸುಮ್ಮನ ಕೂಡ್ತಾರ. ಒಬ್ಬ ಮುದುಕ ತನ್ನ ಕುಡಿತದ ಕಥಿ ಹೇಳಿ ತಾನ ನಗ್ತಾನ. ಅದು ಮೀಟಿಂಗೋ, ಕಟ್ಟಿ ಮ್ಯಾಲಿನ ಹರಟಿಯೋ? ನನ್ನ ತಲಿ ಸಿಕ್ಕಾದ ದಾರ ಆಗೇತ್ರಿ.”

ಒಂದು ಸಂಗತಿಯ ಬಗ್ಗೆ ಮಾತ್ರ ಅವನು ಬಾಯಿ ಬಿಡಲಿಲ್ಲ. ಮೂರೂ ಕಡೆ ಒಂದೇ ಪದ್ಧತಿ: ಮಾತಾಡುವ ಮೊದಲು ಹೆಸರು ಹೇಳಬೇಕು. ಅಡ್ಡಹೆಸರು ಬೇಡ, ಊರು ಬೇಡ, ಬರೀ ಹೆಸರು. ಶಾಲೆಯಲ್ಲಿ ಅವನು ಪ್ರಕಾಶ ಎಂದಿದ್ದ. ದವಾಖಾನೆಯಲ್ಲಿ ವೀರೇಶ. ಗಿರಣಿಯ ಹಿಂದೆ ನಾಗೇಂದ್ರ. ಊರೆಲ್ಲ ನೋಡುವಂತೆ ಬಸ್‌ಸ್ಟ್ಯಾಂಡಿನ ಚರಂಡಿಯಲ್ಲಿ ಬಿದ್ದಿದ್ದ ಮನುಷ್ಯ, ತನ್ನಂಥವರ ಮುಂದೆ ಹೆಸರು ಮುಚ್ಚಿಟ್ಟಿದ್ದ. ನಾಚಿಕೆಗೆ ತಲೆಬುಡ ಇರುವುದಿಲ್ಲ.

ಅಜ್ಜಾರು ಮೊರ ಕೆಳಗಿಟ್ಟರು.

“ಈ ವಾರ ಮೂರಕ್ಕೂ ಇನ್ನೊಮ್ಮಿ ಹೋಗು. ಮುಂದಿನ ವಾರ ಎಲ್ಲಿಗೂ ಹೋಗಬ್ಯಾಡ, ಅಂಗಡ್ಯಾಗ ಕೂಡು. ಯಾವ ಮೀಟಿಂಗಿನವ್ರು ನಿನ್ನ ಹುಡುಕ್ಕೊಂಡು ಬರ್ತಾರ, ಅದು ನಿಂದು. ನಡುವ ತಡಕೊಳ್ಳಾಕ ಆಗಲಿಲ್ಲಂದ್ರ ಇಲ್ಲಿಗೆ ಓಡಿ ಬಾ.”

ಗುಡ್ಡಪ್ಪ ಮೂರಕ್ಕೂ ಹೋಗಿ ಬಂದ. ಗಿರಣಿಯ ಹಿಂದೆ ಅವನ ಕೈ ನಡುಗಿ ಚಹಾ ಪಂಚೆಯ ಮೇಲೆಲ್ಲ ಚೆಲ್ಲಿತು. ಪಕ್ಕದಲ್ಲಿದ್ದ ಮುದುಕ ಇನ್ನೊಂದು ಗ್ಲಾಸಿಗೆ ಅರ್ಧವೇ ಹಾಕಿ ಕೊಟ್ಟ.

“ನಾ ಸಿಂಪಿಗ ಅದೀನ್ರಿ,” ಎಂದ ಗುಡ್ಡಪ್ಪ ತಡೆಯಲಾರದೆ. “ಸೂಜಿಗೆ ದಾರ ಹಾಕಾಕ ಬರವಲ್ದು.”

ಆ ಸಲ ಮುದುಕ ನಗಲಿಲ್ಲ.

ಮುಂದಿನ ವಾರ ಗುಡ್ಡಪ್ಪ ಅಂಗಡಿಯಲ್ಲೇ ಕೂತ. ಕಣ್ಣೆಲ್ಲ ಬೀದಿಯ ಮೇಲೆ. ಒಂದು ಅಂಗಿಗೆ ಕಾಲರು ತಿರುವುಮುರುವಾಗಿ ಹೊಲಿದು ಬೈಸಿಕೊಂಡ. ಯಾರೂ ಬರಲಿಲ್ಲ. ಶುಕ್ರವಾರ ಮಧ್ಯಾಹ್ನ ಅವನು ಒಳಗೆ ಊಟಕ್ಕೆ ಕೂತಾಗ ಅಂಗಡಿಯ ಕಡೆಯಿಂದ ಕಲ್ಲವ್ವನ ಮಾತು ಕೇಳಿಸಿತು. “ಇಲ್ರಿ, ಆ ಹೆಸರಿನವ್ರು ಇಲ್ಲಿ ಯಾರೂ ಇಲ್ಲ.” ಅವನು ರೊಟ್ಟಿ ಮುರಿದು ಉಣ್ಣುತ್ತಲೇ ಇದ್ದ.

ಭಾನುವಾರ ಸಂಜೆ ಸೆರೆ ಅಂಗಡಿಯ ಮುಂದೆ ನಿಂತ. ಎಷ್ಟು ಹೊತ್ತು ನಿಂತಿದ್ದನೋ ಅವನಿಗೇ ಗೊತ್ತಿಲ್ಲ. ಆಮೇಲೆ ಹೊಳೆಯ ಕಡೆ ಓಡಿದ.

“ಒಬ್ಬರೂ ಬರ್ಲಿಲ್ಲ ಅಜ್ಜಾರ. ನಾ ಇದ್ದರೇನು, ಸತ್ತರೇನು, ಯಾರಿಗೂ ಬೇಕಾಗಿಲ್ಲ. ಸೆರೆ ಅಂಗಡಿ ಮುಂದ ನಿಂತು ಬಂದೆ.”

“ಕುಡದ್ಯಾ?”

“ಇಲ್ರಿ.”

“ಛಲೋ ಆತು. ಕೂಡು.”

ಅಜ್ಜಾರು ಕೈಯಲ್ಲಿದ್ದ ಮೊರ ಕೆಳಗಿಟ್ಟು ಒಳಗೆ ಹೋಗಿ ಒಂದು ಸಣ್ಣ ಗಂಟು ತಂದು ಅವನ ಕೈಯಲ್ಲಿಟ್ಟರು. ಬಿಚ್ಚಿದರೆ ಒಂದು ಬಟ್ಟೆ ತುಂಡು. ಅದರ ತುಂಬ ಸಾಲಾಗಿ ಚುಚ್ಚಿದ ಸೂಜಿಗಳು, ಎಲ್ಲಕ್ಕೂ ದಾರ ಪೋಣಿಸಿತ್ತು. ಬಿಳಿ, ಕಪ್ಪು, ಖಾಕಿ.

“ನಿನ್ನೆ ಒಬ್ಬ ಮುದುಕ ಬಂದಿದ್ದ, ಗಿರಣಿ ಹಿಂದ ಕೂಡ್ತೀವಿ ಅಂದ. ನಾಗೇಂದ್ರ ಅನ್ನೋ ಸಿಂಪಿಗ ಈ ಬುಧವಾರ ಬರಲಿಲ್ಲ, ಏನಾತೋ ಅಂತ ಪ್ಯಾಟ್ಯಾಗಿನ ಸಿಂಪಿಗರ ಅಂಗಡಿ ಎಲ್ಲಾ ತಿರುಗ್ಯಾನ. ಶುಕ್ರವಾರ ನಿನ್ನ ಅಂಗಡಿಗೂ ಹೋಗಿದ್ನಂತ. ಕುಡಿತ ಬಿಟ್ಟವ್ರು ನನ್ನ ಕಡೆ ಬರ್ತಾರಂತ ಯಾರೋ ಹೇಳ್ಯಾರ, ಕಡೀಗೆ ಇಲ್ಲಿಗೆ ಬಂದ. ಸಿಕ್ಕರ ಇದನ್ನ ಕೊಡ್ರಿ, ಕೈ ನಡುಗೂದು ನಿಂತಮ್ಯಾಲ ತಾನ ಪೋಣಿಸಿಕೊಳ್ತಾನ ಅಂದ.”

ಗುಡ್ಡಪ್ಪನಿಗೆ ಶುಕ್ರವಾರ ಕಲ್ಲವ್ವ ಆಡಿದ ಮಾತು ನೆನಪಾಯಿತು. ಅಳು ಬಂತು, ಅದು ನಾಚಿಕೆಗೋ ಸಂತೋಷಕ್ಕೋ ಅವನಿಗೆ ತಿಳಿಯಲಿಲ್ಲ.

“ಯಾರಪ್ಪ ಈ ನಾಗೇಂದ್ರ? ಗೊತ್ತೇನು ನಿನಗ?”

ಅವನು ಹೊಳೆಯ ಕಡೆ ನೋಡಿದ. ಸೂಜಿಯ ಬಟ್ಟೆಯನ್ನು ಮಡಚುತ್ತ ಹೇಳಿದ. “ನಾನ ರೀ.”

ಗುಡ್ಡಪ್ಪ ಕಣ್ಣು ಒರೆಸಿಕೊಂಡ.

“ಅಂದ್ರ ಬುಧವಾರದ ಮೀಟಿಂಗ ನನಗ ಹೊಂದತೈತಿ ಅಂತಾತಲ್ರಿ, ಅಜ್ಜಾರ?”

ಅಜ್ಜಾರು ಮತ್ತೆ ಮೊರ ಎತ್ತಿಕೊಂಡರು.

“ನಾಗೇಂದ್ರಗ ಹೊಂದೇತಿ. ಗುಡ್ಡಪ್ಪ ಇನ್ನೂ ಒಂದು ಮೀಟಿಂಗಿಗೂ ಹೋಗಿಲ್ಲ.”