ಗೋದಲಿಯ ಮುಂದೆ ಎತ್ತು ಮೆಲುಕು ಕಲಿತದ್ದು

ಭೂಮಿಯ ಮಣ್ಣು ಇನ್ನೂ ಹಸಿಯಾಗಿದ್ದಾಗ ದೇವರು ಪ್ರಾಣಿಗಳಿಗೆಲ್ಲ ಹೊಟ್ಟೆ ಕೊಟ್ಟು ಕಳಿಸುತ್ತಿದ್ದ. ದನದ ಸರದಿ ಬಂದಾಗ ಒಂದೇ ಹೊಟ್ಟೆಯೊಳಗೆ ನಾಲ್ಕು ಕೋಣೆ ಕಟ್ಟಿದ.

"ಇಷ್ಟೊಂದು ಕೋಣೆ ಯಾತಕ್ಕೆ, ಸ್ವಾಮಿ?" ಎಂದಿತು ದನ.

"ಬೇಕಾದಾಗ ತಿಳಿಯುತ್ತದೆ. ಹೂಂ, ಮುಂದಿನವರು ಬನ್ನಿ," ಎಂದ ದೇವರು.

ದನ ಹೋಯಿತು. ಹುಲ್ಲು ಕಂಡಲ್ಲಿ ಬಾಯಿ ಹಾಕಿ ಗಬಗಬ ನುಂಗಿತು. ಅದರ ಕರುಗಳೂ ನುಂಗಿದವು, ಕರುಗಳ ಕರುಗಳೂ ನುಂಗಿದವು. ಹುಲ್ಲಿನ ರುಚಿ ಏನೆಂದು ಆ ಕುಲದಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

"ನಾಲ್ಕು ಕೋಣೆ! ಒಂದರಲ್ಲೂ ದೀಪ ಇಲ್ಲ!" ಎಂದು ಗಾಳಿ ನಗುತ್ತಿತ್ತು.

ಹೀಗೇ ಬಹಳ ಕಾಲ ನಡೆದು, ಬೆತ್ಲೆಹೇಮಿನ ಒಂದು ಕೊಟ್ಟಿಗೆಗೆ ಕೆಂದ ಎಂಬ ಎತ್ತು ಬಂತು. ಅದಕ್ಕೀಗ ಮುಪ್ಪು ಹತ್ತಿತ್ತು. ಒಂದು ಸಂಜೆ ಅದರ ಯಜಮಾನ ಎಲಿಯಾಬ ಗೋದಲಿಯ ತುಂಬ ಹುಲ್ಲು ಹಾಕಿ ಹೇಳಿದ: "ತಿನ್ನು. ನಾಳೆ ಕಲ್ಲುಹೊಲ ಉಳಬೇಕು. ನೊಗದ ಕೆಳಗೆ ಮತ್ತೆ ಕುಸಿದೆಯೋ, ಸೀದಾ ಕಟುಕನ ಮನೆ. ನೆಪ ಕೇಳೋನಲ್ಲ ನಾನು."

ಗೋದಲಿ ಎಂದರೆ ದನಕ್ಕೆ ಮೇವು ಹಾಕುವ ತೊಟ್ಟಿ. ಹಬ್ಬದಲ್ಲಿ ಅದಕ್ಕೆ ಕಟ್ಟುವ ಬಣ್ಣದ ಕಾಗದ, ದೀಪದ ಸರ ಎಲ್ಲ ಆಮೇಲೆ ಬಂದವು.

ಕೆಂದ ಬಾಯಿ ಹಾಕುವಷ್ಟರಲ್ಲಿ ಬಾಗಿಲಿಗೆ ಬೂದ ಎಂಬ ಕತ್ತೆ ಬಂತು. ಅದರ ಮೇಲೆ ತುಂಬು ಬಸುರಿ ಮರಿಯಮ್ಮ, ಹಗ್ಗ ಹಿಡಿದು ಅವಳ ಗಂಡ, ಬಡಗಿ ಜೋಸೆಫ. ಊರ ಛತ್ರದಲ್ಲಿ ಅವರಿಗೆ ಜಾಗ ಸಿಕ್ಕಿರಲಿಲ್ಲ. ಆ ಕೊಟ್ಟಿಗೆಯಲ್ಲೇ ಮಗು ಹುಟ್ಟಿತು. ನೆಲ ತಣ್ಣಗೆ ಕೊರೆಯುತ್ತಿತ್ತು. ಜೋಸೆಫ ಸುತ್ತ ನೋಡಿದ. ಮೆತ್ತಗಿದ್ದದ್ದು ಕೆಂದನ ಹುಲ್ಲು ಒಂದೇ.

"ಕೆಂದಣ್ಣ, ಕೇಳೋಕೆ ಬಾಯಿ ಬರ್ತಿಲ್ಲ. ನಿನ್ನ ಗೋದಲಿ ಬೇಕಿತ್ತು."

"ಹುಲ್ಲೂ ಬೇಕಾ?"

"ಹುಲ್ಲೇ ಬೇಕು."

ಕೆಂದನಿಗೆ ಕಟುಕನ ಮನೆ ನೆನಪಾಯಿತು. ಅಷ್ಟರಲ್ಲಿ ಮಗು ಚಳಿಗೆ ನಡುಗಿತು. "ತಗೊಳ್ಳಿ," ಎಂದು ಕೆಂದ ಹಿಂದಕ್ಕೆ ಸರಿಯಿತು.

ಮರಿಯಮ್ಮ ಮಗುವನ್ನು ಗೋದಲಿಯಲ್ಲಿ ಮಲಗಿಸಿದಳು. ಕೂಡಲೇ ಕೆಂದನ ಮೂತಿ ಮುಂದೆ ಬಂತು. ಹುಟ್ಟಿದಾಗಿನಿಂದ ಅದಕ್ಕೆ ಗೊತ್ತಿದ್ದ ಪಾಠ ಒಂದೇ: ಗೋದಲಿಗೆ ಹಾಕಿದ್ದು ತಿನ್ನುವುದಕ್ಕೆ.

"ಹೇ, ಹೇ! ಹಿಂದೆ!" ಜೋಸೆಫ ಕೋಲು ಎತ್ತಿದ.

"ಬಿಡಿ, ಅದರ ಉಸಿರು ಬೆಚ್ಚಗಿದೆ," ಎಂದಳು ಮರಿಯಮ್ಮ. "ಅದೇನೂ ತಪ್ಪು ತಿಳಿದಿಲ್ಲ. ಗೋದಲಿಗೆ ಹಾಕೋದು ಹಸಿದವರಿಗೇ ತಾನೇ? ಇವನೂ ಹಸಿದವರಿಗಾಗಿಯೇ ಬಂದವನು."

ಕೆಂದನಿಗೆ ಅದು ಅರ್ಥವಾಗಲಿಲ್ಲ. ಹೊಟ್ಟೆ ಮಾತ್ರ ಚುರುಗುಟ್ಟಿತು.

"ಅಂಚಿನಿಂದ ಎರಡು ಎಳೆ ಎಳಕೋ ಮಾರಾಯ. ಯಾರು ನೋಡ್ತಾರೆ?" ಎಂದಿತು ಬೂದ.

"ಎರಡಕ್ಕೆ ನಿಲ್ಲೋ ಬಾಯಲ್ಲ ನನ್ನದು. ಆಮೇಲೆ ಮಗೂಗೆ ತೊಟ್ಟಿಯ ಕಲ್ಲು ಒತ್ತುತ್ತೆ."

"ಹಾಗಾದ್ರೆ ಉಪವಾಸ ಬೀಳು!" ಬೂದ ಕಿವಿ ಮಡಚಿ ನಿದ್ದೆ ಹೋಯಿತು.

ಆಮೇಲೆ ಕುರುಬರು ಕುರಿಗಳನ್ನು ಹೊಡೆದುಕೊಂಡು ಬಂದರು. ದೇವದೂತರನ್ನು ಕಂಡದ್ದನ್ನು, ಅವರು ಈ ಮಗುವನ್ನು ಕುರಿತು ಹಾಡಿದ್ದನ್ನು ಒಬ್ಬರ ಮಾತಿಗೆ ಒಬ್ಬರು ಅಡ್ಡ ಹಾಯುತ್ತ ಹೇಳಿದರು. ಎಲ್ಲರೂ "ಅಬ್ಬಾ!" ಎಂದರು. ಮರಿಯಮ್ಮ ಮಾತ್ರ ಸುಮ್ಮನೆ ಕೂತಿದ್ದಳು.

"ಏನು ಮಾಡ್ತಿದ್ದೀಯ, ತಾಯೀ?" ಕೆಂದ ಕೇಳಿತು.

"ಇವರು ಹೇಳಿದ್ದನ್ನ ಒಳಗೆ ಇಟ್ಟುಕೊಂಡಿದ್ದೀನಿ ಕಣೋ. ಒಂದೇ ಸಲಕ್ಕೆ ನುಂಗೋ ಮಾತಲ್ಲ ಇದು. ಇಷ್ಟಿಷ್ಟೇ ಮೇಲಕ್ಕೆ ತಂದು ನೋಡ್ತಿದ್ದೀನಿ."

ಒಳಗೆ ತನಗೂ ಏನೋ ಇದೆಯಲ್ಲ ಎಂದುಕೊಂಡಿತು ಕೆಂದ. ಬೆಳಿಗ್ಗೆ ಗುಡ್ಡದಲ್ಲಿ ನುಂಗಿದ ಹುಲ್ಲು ಮೊದಲ ಕೋಣೆಯಲ್ಲಿ ಹಾಗೇ ಬಿದ್ದಿತ್ತು. ಕೆಂದ ಮುಂಗಾಲು ಮಡಚಿ ಕೂತು, ಒಂದು ತುತ್ತನ್ನು ಮೇಲಕ್ಕೆ ಕರೆಯಿತು. ಬಂತು! ನಿಧಾನಕ್ಕೆ ಅಗಿಯಿತು. ಹುಲ್ಲು ಸಿಹಿ ಎಂದು ಆ ಕುಲಕ್ಕೆ ತಿಳಿದದ್ದು ಆಗಲೇ. ಮತ್ತೊಂದು ತುತ್ತು ಕರೆಯಿತು, ಅದೂ ಬಂತು. ಅದೇ ಲೋಕದ ಮೊದಲ ಮೆಲುಕು.

ಬೆಳಿಗ್ಗೆ ಎಲಿಯಾಬ ನೊಗ ಹೊತ್ತು ಬಂದವನು ಹೊಸ್ತಿಲಲ್ಲೇ ನಿಂತ. "ತೊಟ್ಟಿಯಲ್ಲಿ ಮಗು ಇದೆ. ಮತ್ತೆ ನೀನು ಅಗೀತಿರೋದು ಏನೋ?"

"ನಿನ್ನೆಯದು," ಎಂದು ಕೆಂದ ಎದ್ದು ಕೊರಳು ಕೊಟ್ಟಿತು. ಕಲ್ಲುಹೊಲದ ಕೊನೆಯ ಸಾಲಿನವರೆಗೂ ಅದು ಕುಸಿಯಲಿಲ್ಲ. ಎಲಿಯಾಬ ಮತ್ತೆ ಕಟುಕನ ಹೆಸರು ಎತ್ತಲಿಲ್ಲ.

ಕೆಂದನನ್ನು ನೋಡಿ ಊರ ದನಗಳು ಕಲಿತವು, ಕುರುಬರ ಕುರಿಗಳೂ ಕಲಿತವು. ಮಗುವನ್ನು ನೋಡಲು ಹೊರಟ ಮೂಡಣದ ಜ್ಞಾನಿಗಳನ್ನು ಹೊತ್ತು ತಡವಾಗಿ ಬಂದ ಒಂಟೆಗಳೂ ಕಲಿತವು. ನಿದ್ದೆ ಹೋಗಿದ್ದ ಬೂದ ಕಲಿಯಲಿಲ್ಲ. ಕತ್ತೆಗಳಿಗೆ ಇವತ್ತಿಗೂ ಮೆಲುಕು ಬಾರದು.

ಅದಕ್ಕೇ, ಗೋದಲಿ ಬರಿದಾದ ಮೇಲೂ ಎತ್ತು ಮುಂಗಾಲು ಮಡಚಿ, ಕಣ್ಣು ಅರೆಮುಚ್ಚಿ, ಬಾಯಾಡಿಸುತ್ತಲೇ ಇರುವುದನ್ನು ನೀವು ಇಂದಿಗೂ ಕಾಣುತ್ತೀರಿ. ಕೇಳಿದ ಒಳ್ಳೆಯ ಮಾತನ್ನು ಬಿಡದೆ ನೆನೆಯುವವರನ್ನು ಕಂಡರೆ ನಾವು ಆ ಎತ್ತಿನ ಮಾತನ್ನೇ ಎರವಲು ತಂದು, ಮೆಲುಕು ಹಾಕುತ್ತಿದ್ದಾರೆ ಎನ್ನುತ್ತೇವೆ.